ಲಂಬು ಜೀಪು ಓಡಿಸುತ್ತಿದ್ದನೆಂಬ ಮಾತಿನ ಬಗ್ಗೆ

ನನ್ನ ವಯಸ್ಸು ನಲವತ್ತಾರು. ಬೆಟ್ಟಗುಡ್ಡ ಹತ್ತಿಸುವವರಿಗೆ ಜೀಪು ಮಾರ್ಪಡಿಸಿ ಕೊಡುವುದು ಕಸುಬು. ವಾಸ, ಗ್ಯಾರೇಜಿನ ಹಿಂದಿನ ಮನೆ. ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ತಿಳಿಸುವುದೇನೆಂದರೆ, ಭಾನುವಾರದ ಅಪಘಾತದಲ್ಲಿ ಸತ್ತ ನನ್ನ ತಮ್ಮನೇ ಜೀಪು ಓಡಿಸುತ್ತಿದ್ದನೆಂದು ಗಾಡಿ ಓನರು ಬರೆಸಿರುವುದು ಸುಳ್ಳು.

ತಮ್ಮ ನನ್ನ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ. ಆರಡಿ ಮೇಲಿನ ಆಳು, ಎಲ್ಲರೂ ಲಂಬು ಎಂದೇ ಕರೆಯುವುದು. ಸದರಿ ಜೀಪಿಗೆ ನಾವಿಬ್ಬರೂ ದೊಡ್ಡ ಟಯರು, ಉದ್ದದ ಸ್ಪ್ರಿಂಗು, ಮುಂದೆ ಹಗ್ಗ ಸುತ್ತಿ ಎಳೆಯುವ ವಿಂಚು ಹಾಕಿ ನಾಲ್ಕು ಇಂಚು ಎತ್ತರಿಸಿದೆವು. ಓನರು ಕುಳ್ಳಗಿದ್ದಾರೆ. ಕ್ಲಚ್ಚು ಕಾಲಿಗೆ ಎಟುಕುವುದಿಲ್ಲ ಎಂದು ದಿನಾ ತಕರಾರು. ಕಡೆಗೆ ಶನಿವಾರ ತಮ್ಮ ಅವರನ್ನೇ ಕೂರಿಸಿ ಅಳತೆ ತೆಗೆದು, ಸೀಟನ್ನು ಮುಂದಕ್ಕೆ ತಂದು ನೆಲಕ್ಕೇ ಬೋಲ್ಟು ಬಿಗಿದ.

ನಮ್ಮಲ್ಲಿ ಒಂದು ರೂಢಿ ಇದೆ. ಕೆಲಸ ಮುಗಿದ ಗಾಡಿಯನ್ನು ಓನರು ಓಡಿಸಬೇಕು, ಕೆಲಸ ಮಾಡಿದವನು ಪಕ್ಕ ಕೂತು ಎಲ್ಲೆಲ್ಲಿ ಸದ್ದು ಬರುತ್ತದೆ ಎಂದು ಕೇಳಬೇಕು. ಹಾಗೆ ಭಾನುವಾರ ಬೆಳಿಗ್ಗೆ ಏಳೂವರೆಗೆ ಇಬ್ಬರೂ ಹೊರಟರು. ಎತ್ತರಿಸಿದ ಗಾಡಿ, ಇಳಿಜಾರಿನಲ್ಲಿ ಅಡ್ಡ ತಿರುಗಿಸಿದರೆ ಪಲ್ಟಿ ಹೊಡೆಯುತ್ತದೆ ಎಂದು ಓನರಿಗೆ ಹೇಳಿದೆ. ನನಗೇ ಪಾಠ ಹೇಳ್ತೀಯೇನಯ್ಯಾ ಎಂದು ನಕ್ಕರು. ತಮ್ಮ ಊಟದ ಹೊತ್ತಿಗೆ ಬರುತ್ತೇನೆಂದ.

ಹತ್ತು ಗಂಟೆಗೆ ಓನರ ಫೋನು ಬಂತು. ಆರು ಕಿಲೋಮೀಟರು ದೂರದ ಕಲ್ಲುಕ್ವಾರಿಯ ಹಿಂದೆ ಹೋಗಿ ನೋಡಲಾಗಿ ಜೀಪು ಮಗುಚಿ ಬಿದ್ದಿತ್ತು. ತಮ್ಮನನ್ನು ಹೊರಗೆಳೆದು ಮಲಗಿಸಿದ್ದರು. ಉಸಿರಿರಲಿಲ್ಲ. ಓನರ ಭುಜಕ್ಕೆ ಪೆಟ್ಟಾಗಿತ್ತು. ಗುಡ್ಡ ಹತ್ತಿದ ಮೇಲೆ ನಿನ್ನ ತಮ್ಮ ಸ್ಟೀರಿಂಗು ಕೇಳಿದ, ಬೇಡವೆಂದರೂ ಅಡ್ಡ ತಿರುಗಿಸಿದ ಎಂದರು. ನಾನು ನಂಬಿದೆ. ಅಯ್ಯೋ ಪಾಪಿ, ಅಷ್ಟು ಹೇಳಿ ಕಳಿಸಿದ್ದೆನಲ್ಲೋ ಎಂದು ಹೆಣದ ಮುಂದೆ ಕೂತು ಬೈದೆ. ಮನೆಗೆ ಬಂದು ತಮ್ಮನ ಹೆಂಡತಿಗೂ ಅದನ್ನೇ ಹೇಳಿದೆ. ಆಮೇಲೆ ಓನರು ಮಾತಾಡಿಸಲು ಬಂದಾಗ ಅವಳು ಕೈಮುಗಿದು, ನಮ್ಮವರಿಂದ ತಪ್ಪಾಯಿತು ಎಂದು ಕ್ಷಮೆ ಕೇಳಿದಳು. ಹೋಗಲಿ ಬಿಡಮ್ಮ ಎಂದರು ಅವರು.

ಮಹಜರು ಮುಗಿದ ಮೇಲೆ ಜೀಪನ್ನು ಎಳೆತಂದು ನನ್ನ ಷೆಡ್ಡಿನಲ್ಲೇ ಇಟ್ಟಿದ್ದರು. ಈ ದಿನ ಬೆಳಿಗ್ಗೆ ಓನರು ಬಂದು, ಡ್ರೈವರ್ ಸೀಟಿನ ಕೆಳಗೆ ಹಿಂದೆ ಸರಿಯುವ ಹಳಿ ಹಾಕಿಬಿಡು ಎಂದರು. ಮೇಲ್ಛಾವಣಿ ಜಜ್ಜಿಹೋಗಿದೆ, ಒಂದು ಗಾಜೂ ಉಳಿದಿಲ್ಲ, ಇವರಿಗೆ ಸೀಟು ಸರಿಯಬೇಕಂತೆ! ಆಗ ತಲೆಗೆ ಹೊಳೆಯಿತು. ಅವರು ಹೋದ ಮೇಲೆ ನಾನೇ ಹತ್ತಿ ಕೂರಲು ನೋಡಿದೆ. ಪಲ್ಟಿಯಾದರೂ ಸೀಟಾಗಲಿ ಸ್ಟೀರಿಂಗಾಗಲಿ ಅಲುಗಿಲ್ಲ. ತಮ್ಮನಿಗಿಂತ ನಾನು ಗೇಣು ಕುಳ್ಳ, ಆದರೂ ನನ್ನ ಮಂಡಿ ಸ್ಟೀರಿಂಗಿನ ಕೆಳಗೆ ತೂರಲಿಲ್ಲ. ಲಂಬು ಅಲ್ಲಿ ಕೂತು ಓಡಿಸಿರಲು ಸಾಧ್ಯವೇ ಇಲ್ಲ. ಅಲ್ಲೇ ಗೋಳೋ ಎಂದು ಅತ್ತೆ.

ಷೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಠಾಣೆಗೆ ಒಪ್ಪಿಸಿದ್ದೇನೆ. ಗಾಡಿಯನ್ನು ಯಾರೂ ಮುಟ್ಟಬಾರದು. ಇನ್ನೊಂದು ಕೋರಿಕೆ ಇದೆ. ಈ ಹೇಳಿಕೆಯನ್ನು ನೀವೇ ಮನೆಗೆ ಬಂದು ತಮ್ಮನ ಹೆಂಡತಿಯ ಎದುರಿಗೆ ಓದಬೇಕು. ನಾನು ಹೇಳಿದರೆ ಅವಳು ಹೇಗೆ ನಂಬಿಯಾಳು? ತಪ್ಪು ನಿನ್ನ ಗಂಡನದೇ ಎಂದು ಅವಳಿಗೆ ಮೊದಲು ಹೇಳಿದವನು ನಾನೇ.

ಬರೆದುಕೊಂಡದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಬುಧವಾರ, ಮಧ್ಯಾಹ್ನ
ಸಹಿ: (ಮೃತನ ಅಣ್ಣ)