ನಲವತ್ತು ಮಂದಿ ಹುಡುಕುವ ಕುಪ್ಪಸ

ಹಾವೇರಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ನಡುವಯಸ್ಸಿನ ಹೆಂಗಸು, ಲ್ಯಾಪ್‌ಟಾಪ್ ಚೀಲ ಹೊತ್ತು ಹೊರಟಿದ್ದ ಹುಡುಗಿಯೊಬ್ಬಳನ್ನು ಕೂಗಿ ಕೂರಿಸಿಕೊಂಡರು.

“ಶೈಲಶ್ರೀ, ನೀ ಹೇಳಿದಂಗ ನನ್ನ ಹೊಲಿಗಿ ಅಂಗಡಿ ವೆಬ್‌ಸೈಟಿಗೆ ಹೊಸ ಲೇಖನ ಬರದೆ ನೋಡವಾ.”

“ಮತ್ತ ಕುಪ್ಪಸದ ಡಿಸೈನ್ ಬಗ್ಗೇನ್ರಿ, ಪುಷ್ಪಕ್ಕಾ?”

“ಅದನ್ನ ಬಿಟ್ಟೆ. ಆರು ತಿಂಗಳು ಬರದ್ರೂ ಗೂಗಲ್‌ನ್ಯಾಗ ನನ್ನ ಲೇಖನ ಯಾರಿಗೂ ಕಾಣಲಿಲ್ಲ.”

“ಹೆಂಗ ಕಾಣಬೇಕ್ರಿ? ಮಂದಿ ಹುಡುಕೋ ಆ ಪದಕ್ಕ, ಆ ಕೀವರ್ಡಿಗೆ, ದೊಡ್ಡ ದೊಡ್ಡ ಕಂಪನಿಯವರು ಬಡಿದಾಡಾಕತ್ತಾರ.”

“ಕಡಿಮಿ ಮಂದಿ ಹುಡುಕಿದ್ರೂ ಅಡ್ಡಿಯಿಲ್ಲ, ಯಾರೂ ಉತ್ತರ ಬರೀದಿದ್ದನ್ನ ಆರಿಸ್ರಿ ಅಂತ ನೀನ ಅಂದಿದ್ದಿ ಅಲ್ಲಾ? ‘ಸ್ತನ ಕ್ಯಾನ್ಸರ್ ಆಪರೇಷನ್ ಆದವರಿಗೆ ಕುಪ್ಪಸ’ ಅಂತ ಬರದೆ. ಒಂದು ಕಡೆ ಹತ್ತಿ ತುಂಬಿ ಹೆಂಗ ಹೊಲೀಬೇಕು, ಎಲ್ಲಾ ಹೇಳೇನಿ.”

“ಎಷ್ಟು ಮಂದಿ ಹುಡುಕ್ತಾರ್ರಿ?”

“ತಿಂಗಳಿಗೆ ನಲವತ್ತು. ಆದ್ರ ಎಲ್ಲಾರಕಿಂತ ಮೊದಲು ಕಾಣೋದು ನಂದ. ಹೋದ ವಾರ ಕರ್ಜಗಿಯಿಂದ ಒಬ್ಬಾಕಿ ಬ್ಯಾಡಗಿಗೆ ನನ್ನ ಅಂಗಡಿ ಹುಡುಕ್ಕೊಂಡು ಬಂದಿದ್ಲು.”

“ಹೊಲಿಸಿಕೊಳ್ಳಾಕ?”

“ಹೂಂ. ಮೂರು ವರ್ಷದಿಂದ ಯಾರ ಮದುವಿಗೂ ಹೋಗಿದ್ದಿಲ್ಲಂತ. ಹೊಸ ಕುಪ್ಪಸ ತೊಟ್ಟು ಕನ್ನಡಿ ಮುಂದ ನಿಂತಾಕಿ, ನನ್ನ ಕೈ ಹಿಡಕೊಂಡು ಅತ್ತಬಿಟ್ಲು. ನಿನ್ನೆ ತಂಗಿ ಮದುವ್ಯಾಗಿನ ಫೋಟೋ ಕಳಿಸ್ಯಾಳ, ನೋಡು.”

ಹುಡುಗಿ ಬಗ್ಗಿ, ಫೋಟೋ ದೊಡ್ಡದು ಮಾಡಿ ನೋಡಿದಳು.

“ನಿಮ್ಮ ಕೈಗುಣಾರಿ ಅಕ್ಕಾ.”

“ಈ ಕೈ ಇಪ್ಪತ್ತು ವರ್ಷದಿಂದ ಹೊಲಿಯಾಕತ್ತೈತಿ. ಆಕಿಗೆ ನನ್ನ ಅಂಗಡಿ ದಾರಿ ತೋರಿಸಿದಾಕಿ ನೀನವಾ. ನಿನ್ನ ಹೊಟ್ಟಿ ತಣ್ಣಗಿರಲಿ.”

ಬ್ಯಾಡಗಿ ಬಸ್ಸು ಬಂತು. ಪುಷ್ಪಕ್ಕ ಹುಡುಗಿಯ ತಲೆ ನೇವರಿಸಿ ಎದ್ದರು. ಮೆಟ್ಟಿಲ ಮೇಲೆ ಕಾಲಿಡುವಾಗಲೇ ಅವರ ಫೋನು ರಿಂಗಾಯಿತು.

“ಹೌದ್ರಿ, ಅದನ್ನ ಬರದಾಕಿ ನಾನರೀ. ನಾಚಬ್ಯಾಡ್ರಿ ತಾಯಿ, ನಿಧಾನಕ್ಕ ಹೇಳ್ರಿ,” ಎನ್ನುತ್ತ ಅವರು ಒಳಗೆ ಹೋದರು.