ಎಡಗಡೆಯ ಮಡಗಾರ್ಡು

ಕಂದೀಲು ಸ್ವಲ್ಪ ಸಣ್ಣದು ಮಾಡಿ. ಹಾಂ, ಅಷ್ಟು ಸಾಕು. ಬಾಗಿಲ ಹತ್ತಿರ ಕೂತವರು ಒಳಗೆ ಸರಿಯಿರಿ... ಇದು ನಮ್ಮ ಓಣಿಯ ದ್ಯಾವಪ್ಪನಿಗೆ ಆದದ್ದು. ಅವರಿವರು ಹೇಳಿದ ಗಾಳಿಮಾತಲ್ಲ. ಅವನ ಗೋಡೆಗೆ ನಮ್ಮ ಗೋಡೆ ಹತ್ತಿಕೊಂಡೇ ಇದೆ.

ದ್ಯಾವಪ್ಪ ಗಾಡಿಗಳಿಗೆ ಬಣ್ಣ ಹೊಡೆಯುವವನು. ದೋರನಹಳ್ಳಿ ಊರ ಹೊರಗೆ, ಶಹಾಪುರದ ರಸ್ತೆಗೆ ಅವನ ತಗಡಿನ ಶೆಡ್ಡು. ಆ ರಾತ್ರಿ ಕೆಲಸ ಬಿಟ್ಟು ಮನೆಗೆ ಹೊರಟಾಗ ಬಹಳ ಹೊತ್ತಾಗಿತ್ತು. ಅಮಾಸೆ ಹತ್ತಿರದ ಕತ್ತಲೆ. ದಾರಿಯಲ್ಲಿ ಒಂದು ಹಾಳುಬಾವಿ ಬರುತ್ತದೆ, ನೋಡಿದ್ದೀರಿ. ಕಾಲುವೆ ಬರುವ ಮೊದಲು ಅದು ಬತ್ತಿ ಬಾಯಿ ಬಿಟ್ಟುಕೊಂಡಿತ್ತು. ಕಾಲುವೆಗೆ ನೀರು ಬಿಟ್ಟ ಮೇಲೆ ಬಸಿನೀರು ಇಳಿದು ಅರ್ಧ ತುಂಬಿತು. ಯಾರೂ ಕುಡಿಯುವುದಿಲ್ಲ. ದ್ಯಾವಪ್ಪನೊಬ್ಬನೇ ಅಲ್ಲಿಂದ ನೀರು ಸೇದಿ ಶೆಡ್ಡಿಗೆ ಹೊರುತ್ತಿದ್ದ.

ಯಾಕೆ ಅಂತೀರಾ? ಬಣ್ಣದ ಕೆಲಸದಲ್ಲಿ ನೀರು ದೊಡ್ಡದು. ಹಳೇ ಬಣ್ಣವನ್ನು ನೀರು ಹಾಕುತ್ತಾ ವಾಟರ್ ಪೇಪರ್ ಅನ್ನುವ ಉಜ್ಜುಕಾಗದದಿಂದ ತಿಕ್ಕಿ ತೆಗೆಯಬೇಕು. ಹೊಸದು ಹೊಡೆದ ಮೇಲೂ ಒಂದೊಂದು ಪದರಕ್ಕೊಮ್ಮೆ ತಿಕ್ಕಬೇಕು. ಊರ ಬೋರಿನದು ಸವಳು ನೀರು. ಅದರಲ್ಲಿ ತಿಕ್ಕಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಬಾವಿಯದು ಸಿಹಿನೀರು. ಪಾಪ, ಕೊಡದಲ್ಲಿ ನೀರಿನ ಜೊತೆ ಏನು ಹೊತ್ತು ತರುತ್ತಿದ್ದೇನೆಂಬುದು ಅವನಿಗೇನು ಗೊತ್ತು?

ಬಾವಿಯ ಹತ್ತಿರ ಬಂದಾಗ ಸದ್ದಾಯಿತು. ಬುಳಕ್... ಬುಳಕ್... ಕೊಡ ಬಾಯಿತನಕ ಮುಳುಗುವ ಸದ್ದು.

ನಿಂತ. ಬಾವಿಯ ಕಟ್ಟೆಯ ಮೇಲೆ ಹೆಂಗಸೊಬ್ಬಳು ಕೂತಿದ್ದಳು. ಮುಖ ಕಾಣದಷ್ಟು ಸೆರಗು ಎಳೆದುಕೊಂಡಿದ್ದಳು.

"ನೀಲಿ ಗಾಡಿ ಬಂತೇನಪಾ?" ಪಿಸುಮಾತು. ಕಿವಿಯ ಹತ್ತಿರವೇ ಕೇಳಿಸಿತು.

"ಬಂದದವ್ವ... ನೀ ಯಾರು?"

"ಎಡಗಡಿಂದು ಕೆರದು ನೋಡು."

"ಏನಂದಿ?"

ಕಟ್ಟೆ ಖಾಲಿ. ಕಲ್ಲಿನ ಮೇಲೆ ನೀರು ಹರಿದು ಟಪ್... ಟಪ್... ಅಂತ ಮಣ್ಣಿಗೆ ಬೀಳುತ್ತಿತ್ತು. ದ್ಯಾವಪ್ಪ ಹಿಂತಿರುಗಿ ನೋಡದೆ ಮನೆ ಸೇರಿದ. ಹೆಂಡತಿ ಕರೆಮ್ಮ ಊಟಕ್ಕೆ ಕರೆದರೆ ಒಲ್ಲೆ ಅಂದ.

ಆ ನೀಲಿ ಗಾಡಿ ಗುತ್ತೇದಾರ ನಾಗಣ್ಣನದು. ಕಾಲುವೆ ಅಗೆಯುವ ಕಾಲದಲ್ಲಿ ಈ ಭಾಗದ ಮಣ್ಣಿನ ಕೆಲಸವೆಲ್ಲ ಅವನದೇ. ಮಣ್ಣು ಹೊತ್ತವರ ನೆತ್ತಿ ಸವೆಯಿತು, ಅವನ ಹೊಟ್ಟೆ ಬೆಳೆಯಿತು. ಹೈದರಾಬಾದಿನಿಂದ ಒಂದು ಅಮೆರಿಕದ ಕಾರು ತಂದಿದ್ದ. ಎರಡೇ ಬಾಗಿಲು, ಮಂಚದುದ್ದ ಬಾನೆಟ್ಟು, ಒಳಗೆ ಎಂಟು ಸಿಲಿಂಡರಿನ ಎಂಜಿನ್ನು. ಸ್ಟೇರಿಂಗು ಎಡಗಡೆಗೆ. ಕಾಲುವೆಯ ಏರಿಯ ಮೇಲೆ ಅದನ್ನು ಓಡಿಸಿದರೆ ಕೆಲಸದವರು ಬುಟ್ಟಿ ಇಳಿಸಿ ನಿಲ್ಲಬೇಕು. ಆಮೇಲೆ ಒಂದು ದಿನ ಅದನ್ನು ಹೈದರಾಬಾದಿಗೆ ಒಯ್ದು, ಅದೇ ನೀಲಿಯನ್ನು ಮತ್ತೆ ಹೊಡೆಸಿಕೊಂಡು ಬಂದು, ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿಬಿಟ್ಟ. ವರ್ಷಗಟ್ಟಲೆ ಅದರ ಮೇಲೆ ಕೋಳಿ ಕೂತವು.

ಈಗ ಮಗನ ಮದುವೆ. ಮೆರವಣಿಗೆಗೆ ಅದೇ ಕಾರು ಬೇಕು, ಮೊದಲಿನ ಹಾಗೇ ಮಿಂಚಬೇಕು. ಎಳೆಸಿ ಶಹಾಪುರಕ್ಕೆ ಒಯ್ದು ಎಂಜಿನ್ನು ಚಾಲೂ ಮಾಡಿಸಿ, ದ್ಯಾವಪ್ಪನ ಶೆಡ್ಡಿಗೆ ತಂದು ಬಿಟ್ಟ.

"ಪೂರಾ ಕೆರದು ಹೊಸಾದು ಮಾಡು," ಅಂದಿದ್ದ. "ಆದ್ರ ಎಡಗಡಿ ಮುಂದಿನ ಮಡಗಾರ್ಡಿಗೆ ಪೇಪರ್ ಹಚ್ಚಬ್ಯಾಡ. ಹಳಿ ಬಣ್ಣದ ಮ್ಯಾಲೇ ಹೊಡಿ."

"ಹಂಗ ಹೊಡದ್ರ ಶೇಡ್ ಬೀಳ್ತದ್ರಿ, ಮಾಲಕರ. ಒಂದ ಗಾಡಿ ಎರಡ ಬಣ್ಣ ಕಾಣ್ತದ."

"ಹೇಳಿದಷ್ಟು ಮಾಡೋ ಬೇಕೂಫ!"

ದ್ಯಾವಪ್ಪ ಹೂಂ ಅಂದ. ಬಾಗಿಲಿನ ರಬ್ಬರು ಕಿತ್ತು, ಬಿಸಿಲು ಕಾಣದ ಜಾಗದ ನೀಲಿಯನ್ನು ನೋಡಿ, ಅದಕ್ಕೆ ಸರಿಯಾಗಿ ಡಬ್ಬಿಯಲ್ಲಿ ಬಣ್ಣ ಕೂಡಿಸಿದ. ಇಡೀ ಗಾಡಿ ತಿಕ್ಕಿ ತಗಡು ಕಾಣಿಸಿದ. ಎಡಗಡೆಯದೊಂದು ಬಿಟ್ಟ.

ಇಲ್ಲಿ ಕರೆಮ್ಮನ ಮಾತು ಹೇಳಬೇಕು. ಅವಳ ತಾಯಿ ಮೋನಮ್ಮ ಅದೇ ಕಾಲುವೆಗೆ ಮಣ್ಣು ಹೊರಲು ಹೋಗುತ್ತಿದ್ದಳು. ಒಂದು ಸಂಜೆ ಮನೆಗೆ ಬರಲಿಲ್ಲ. "ನಮ್ಮ ಮೇಸ್ತ್ರಿ ಕೂಡ ಓಡಿಹೋದ್ಲು," ಅಂತ ಇದೇ ನಾಗಣ್ಣ ಊರ ನಡುವಿನ ಕಟ್ಟೆಯ ಮೇಲೆ ಕೂತು ಹೇಳಿದ. ಮೇಸ್ತ್ರಿಯೂ ಅದೇ ವಾರ ಊರು ಬಿಟ್ಟಿದ್ದ, ಮಾತು ಗಟ್ಟಿಯಾಯಿತು. ಊರ ಬಾಯಿ ಮುಚ್ಚುವವರು ಯಾರು? ಕರೆಮ್ಮ ಆಗ ಸಣ್ಣ ಹುಡುಗಿ. ಅವತ್ತಿನಿಂದ ಅವಳು ಓಡಿಹೋದವಳ ಮಗಳು. ಉಡಿ ತುಂಬಲು ಯಾರೂ ಕರೆಯರು. ನಳದ ಮುಂದೆ ಜಗಳವಾದರೆ ಮೊದಲು ಬರುವ ಮಾತು ಅದೇ. ಎಲ್ಲಕ್ಕಿಂತ ಹೆಚ್ಚು ನೋವು ಹಿರಿಯರ ಅಮಾಸೆಗೆ. ಸತ್ತವರಿಗೆ ಸೀರೆ ಇಟ್ಟು ಎಡೆ ಹಿಡಿಯುತ್ತಾರಲ್ಲ... ಅವಳ ತಾಯಿ ಸತ್ತಳೋ ಇದ್ದಾಳೋ ಗೊತ್ತಿಲ್ಲ. ಇದ್ದವಳಿಗೆ ಎಡೆ ಹಿಡಿದರೆ ಪಾಪ, ಸತ್ತವಳಿಗೆ ಹಿಡಿಯದಿದ್ದರೆ ಅದಕ್ಕಿಂತ ಪಾಪ. ಪ್ರತಿ ವರ್ಷ ಆ ದಿನ ಕರೆಮ್ಮ ಒಲೆಯ ಮುಂದೆ ಸುಮ್ಮನೆ ಕೂತು ಅಳುತ್ತಿದ್ದಳು.

ಸರಿ. ಬಾವಿಯ ಹತ್ತಿರ ಅದು ಆಯಿತಲ್ಲ, ಮರುದಿನ ದ್ಯಾವಪ್ಪ ಮನಸ್ಸು ಗಟ್ಟಿ ಮಾಡಿಕೊಂಡು ನಾಗಣ್ಣ ಹೇಳಿದ ಹಾಗೆಯೇ ಮಾಡಿದ. ಹಳೇ ಬಣ್ಣದ ಮೇಲೆಯೇ ಹೊಡೆದ. ಮದುವೆ ಹತ್ತಿರ ಬಂದಿತ್ತು ಅಂತ ರಾತ್ರಿಯೂ ಶೆಡ್ಡಿನಲ್ಲೇ ಕೆಲಸಕ್ಕೆ ನಿಂತ. ಕರೆಂಟು ಹೋಯಿತು. ಬಣ್ಣ ಚಿಮ್ಮಿಸುವ ಕಂಪ್ರೆಸರಿನ ಧಡಧಡ ನಿಂತಿತು, ಅವನು ಚಾದರ ಹೊದ್ದು ಅಲ್ಲೇ ಅಡ್ಡಾದ...

ಸರ್ಕ್... ಸರ್ಕ್... ಸರ್ಕ್...

ದ್ಯಾವಪ್ಪ ಎದ್ದು ಕೂತ. ಆ ಸದ್ದು ಅವನಿಗೆ ಗೊತ್ತಿಲ್ಲದ್ದೇ? ನೀರು ಹಾಕಿ ಪೇಪರ್ ತಿಕ್ಕುವ ಸದ್ದು. ನಡುನಡುವೆ ಬಳಕ್ ಅಂತ ಬಕೀಟಿನಲ್ಲಿ ಕೈ ಅದ್ದಿದ ಸದ್ದು. ಕೈ ಆಡಿದಂತೆ ಬೆಳ್ಳಿ ಕಡಗ ತಗಡಿಗೆ ತಾಕಿ ಟಿಣ್... ಟಿಣ್...

"ಯಾರದು?"

ನಿಲ್ಲಲಿಲ್ಲ. ಅವಸರವೂ ಮಾಡಲಿಲ್ಲ. ಬೆಳಗಾಗುವ ತನಕ ಒಂದೇ ಸಮ ತಿಕ್ಕಿತು. ದ್ಯಾವಪ್ಪ ಚಾದರದೊಳಗೆ ಬಾಯಿ ಒತ್ತಿಕೊಂಡು ಕೂತಿದ್ದ.

ಬೆಳಕಾದ ಮೇಲೆ ನೋಡಿದರೆ ಎಡಗಡೆಯ ಮಡಗಾರ್ಡು ಬರಿ ತಗಡು. ಅವನು ಹೊಡೆದ ಬಣ್ಣ ಹೋಗಿದೆ, ಹೈದರಾಬಾದಿನ ಬಣ್ಣ ಹೋಗಿದೆ, ಅದರ ಕೆಳಗೆ ಕುಳಿ ಮುಚ್ಚಲು ಮೆತ್ತಿದ್ದ ಪುಟ್ಟಿಯೂ ಪುಡಿಯಾಗಿ ನೆಲಕ್ಕೆ ಬಿದ್ದಿದೆ. ಪುಟ್ಟಿ ಇದ್ದಲ್ಲಿ ದೊಡ್ಡ ಕುಳಿ. ದ್ಯಾವಪ್ಪ ಅದರ ಮೇಲೆ ಕೈಯಾಡಿಸಿದ. ಕಲ್ಲಿಗೋ ಮರಕ್ಕೋ ಬಡಿದರೆ ತಗಡು ಹರಿಯುತ್ತದೆ, ಮಡಚುತ್ತದೆ. ಇದು ಹರಿದಿರಲಿಲ್ಲ. ತಾಟಿನಂತೆ ಒಳಗೆ ಕೂತಿತ್ತು. ಮೆತ್ತಗಿನದಕ್ಕೆ ಬಡಿದದ್ದು. ಮನುಷ್ಯರ ಮೈಗೆ ಬಡಿದದ್ದು.

ಮನೆಗೆ ಓಡಿದ. ಬಾವಿಯ ಮಾತು, ರಾತ್ರಿಯ ಸದ್ದು, ಕುಳಿ, ಎಲ್ಲಾ ಹೇಳಿದ. ಕರೆಮ್ಮ ಕೇಳಿದ್ದು ಒಂದೇ.

"ಕಡಗದ ಸಪ್ಪಳ ಖರೇನ ಕೇಳಿದ್ರಿ?"

"ಈ ಕಿವಿಲೇ ಕೇಳೀನಿ."

"ನಮ್ಮವ್ವನ ಕೈಯಾಗ ಬೆಳ್ಳಿ ಕಡಗ ಇತ್ತು. ನಾನೂ ಬರ್ತೀನಿ ಇವತ್ತ."

ಆ ರಾತ್ರಿ ಗಂಡ ಹೆಂಡತಿ ಶೆಡ್ಡಿನಲ್ಲಿ ದೀಪ ಆರಿಸಿ ಕೂತರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬಕೀಟಿನ ನೀರು ತಾನೇ ಅಲ್ಲಾಡಿತು. ಬಳಕ್...

"ಯವ್ವಾ?" ಅಂದಳು ಕರೆಮ್ಮ.

ಬಕೀಟಿನ ಅಂಚಿಗೆ ಕಡಗ ತಾಕಿತು. ಟಿಣ್...

"ಯವ್ವಾ, ನೀ ಏನ?"

"...ಬೆಳ್ಳಿ."

ಕರೆಮ್ಮ ಅಂತ ಹೆಸರಿಟ್ಟು, ಮುದ್ದಿಗೆ ಬೆಳ್ಳಿ ಅಂತ ಕರೆಯುತ್ತಿದ್ದವಳು ಅವಳ ತಾಯಿ ಒಬ್ಬಳೇ. ಗಂಡನಿಗೂ ಅದು ಗೊತ್ತಿರಲಿಲ್ಲ. ಕರೆಮ್ಮ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅಷ್ಟು ವರ್ಷದ ಅಳು.

"ಎಲ್ಲಿದೀ ಯವ್ವಾ? ಯಾರ ಕೊಂದ್ರು?"

ಕತ್ತಲಲ್ಲಿ ಯಾರೋ ಬರಿಯ ತಗಡನ್ನು ಅಂಗೈಯಿಂದ ತಟ್ಟಿದರು. ಧಪ್. ಒಂದೇ ಸಲ.

ದ್ಯಾವಪ್ಪ ಹೆಂಡತಿಯ ತೋಳು ಹಿಡಿದು ಎಬ್ಬಿಸಿದ. "ನಡಿ, ಈ ಗಾಡಿ ನಮಗ ಬ್ಯಾಡ. ನಾಳೆ ಹಂಗ ವಾಪಸ್ ಕಳಸ್ತೀನಿ," ಅಂದ.

ಕರೆಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ಅವಳ ದನಿ ಬೇರೆಯೇ ಆಗಿತ್ತು ಅಂತ ದ್ಯಾವಪ್ಪ ಈಗಲೂ ಹೇಳುತ್ತಾನೆ.

"ವಾಪಸ್ ಕಳಸಬ್ಯಾಡ್ರಿ. ಚಂದ ಮಾಡ್ರಿ. ನಿಮ್ಮ ಜನ್ಮದಾಗ ಹೊಡದಿರಬಾರ್ದು, ಅಂಥಾ ಬಣ್ಣ ಹೊಡೀರಿ. ಅಂವ ತಾನ ಬಂದು ಒಯ್ಯಲಿ. ನೀರು ನಾ ತರ್ತೀನಿ."

ಮರುದಿನದಿಂದ ಬಾವಿಯ ನೀರು ಅವಳೇ ಹೊತ್ತಳು. ದ್ಯಾವಪ್ಪ ಕುಳಿಯನ್ನು ಒಳಗಿನಿಂದ ಬಡಿದು ಎತ್ತಿದ, ಪುಟ್ಟಿ ತುಂಬಿದ, ಪ್ರೈಮರ್ ಹೊಡೆದ. ಬಣ್ಣದ ಮೇಲೆ ಬಣ್ಣ ಹೊಡೆದ, ಪ್ರತಿ ಸಲ ತಿಕ್ಕಿದ. ಯಾರೂ ಕೆರೆಯಲಿಲ್ಲ. ಒಂದು ಬೊಬ್ಬೆ ಏಳಲಿಲ್ಲ, ಒಂದು ಧೂಳಿನ ಕಣ ಕೂರಲಿಲ್ಲ. ಆರಿದ ಮೇಲೆ ಪಾಲಿಶ್ ಮಾಡಿದರೆ ಮುಖ ನೋಡಿಕೊಳ್ಳುವಂಥ ನೀಲಿ. ನಾನೂ ಹೋಗಿ ನೋಡಿ ಬಂದಿದ್ದೆ.

ನಾಗಣ್ಣ ಹೊತ್ತು ಮುಳುಗಿದ ಮೇಲೆ ಬಂದ. ಒಬ್ಬನೇ. ಆ ಸ್ಟೇರಿಂಗನ್ನು ಇನ್ನೊಬ್ಬರು ಹಿಡಿಯುವುದು ಅವನಿಗೆ ಆಗದು. ಗಾಡಿ ನೋಡಿ ಹಿಗ್ಗಿ ಹೀರೇಕಾಯಾದ. ಸುತ್ತು ಹಾಕುತ್ತಾ ಬಂದವನು ಎಡಗಡೆಗೆ ನಿಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಮಡಗಾರ್ಡು ಮುಟ್ಟಿ ನೋಡಿದ.

"ಇದನ್ನ ಕೆರದೀ?"

"ಇಲ್ರಿ ಮಾಲಕರ. ನಿಮ್ಮಾಣಿ, ನಾ ಕೆರದಿಲ್ಲ."

"ಕೆರದಾಕಿ ಬ್ಯಾರೆ ಅದಾಳ್ರಿ," ಅಂದಳು ಕರೆಮ್ಮ ಬಾಗಿಲಲ್ಲಿ ನಿಂತು.

ನಾಗಣ್ಣ ತಿರುಗಿದ. "ಯಾರೀಕಿ?"

"ಮೋನಮ್ಮನ ಮಗಳು."

ಅವನ ಕೈ ಮಡಗಾರ್ಡಿನಿಂದ ಫಟ್ಟನೆ ಹಿಂದಕ್ಕೆ ಬಂತು. ಕೈ ಒದ್ದೆಯಾಗಿತ್ತು. ಗಾಡಿ ಒಣಗಿತ್ತು. ಧೋತರಕ್ಕೆ ಒರೆಸಿಕೊಂಡ, ಒಳಗೆ ಕೂತ, ಬಾಗಿಲು ಹಾಕಿ ಗಾಜು ಏರಿಸಿದ. ಎಂಜಿನ್ನು ಗುಡುಗುಡು ಅಂತ ಎದ್ದು ರಸ್ತೆಗೆ ಇಳಿಯಿತು.

ಇಬ್ಬರೂ ಕಿವಿಗೊಟ್ಟು ನಿಂತರು. ಸದ್ದು ಬಾವಿಯ ಹತ್ತಿರ ಹೋಯಿತು... ಅಲ್ಲಿ ನಿಂತಿತು. ಎಂಜಿನ್ನು ಗಕ್ಕನೆ ಆರಿತು. ಆಮೇಲೆ ಹಾರನ್ನು. ಉದ್ದಕ್ಕೆ, ಬಿಡದೆ. ಪೋಂ... ಅಂತ ಶುರುವಾದದ್ದು ಬರಬರುತ್ತಾ ಮಂದವಾಗಿ, ನೀರಿನೊಳಗಿಂದ ಬಂದ ಹಾಗೆ ಗೊಳ್... ಗೊಳ್... ಅಂತ ಆಗಿ ನಿಂತುಹೋಯಿತು.

ದ್ಯಾವಪ್ಪ ಓಡಲು ಹೊರಟ. ಕರೆಮ್ಮ ಅವನ ಕೈ ಹಿಡಿದಳು.

"ಕೂಡ್ರಿ."

"ಮನಷ್ಯಾ ಸಾಯ್ತಾನ, ಕರೆಮ್ಮ!"

"ಉಪ್ಪು ತಿಂದಂವ ನೀರು ಕುಡೀಲೇಬೇಕ್ರಿ. ಕೂಡ್ರಿ."

ಬೆಳಿಗ್ಗೆ ಊರಿಗೆ ಊರೇ ಅಲ್ಲಿತ್ತು. ಕಾರು ಬಾವಿಯ ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು. ಒಂದು ಗೀರಿಲ್ಲ. ಗಾಜೆಲ್ಲ ಏರಿಸಿದ್ದವು, ಬಾಗಿಲು ಒಳಗಿನಿಂದ ಹಾಕಿತ್ತು. ನಾಗಣ್ಣ ಸ್ಟೇರಿಂಗು ಹಿಡಿದುಕೊಂಡೇ ಕೂತಿದ್ದ, ಕಣ್ಣು ತೆರೆದು. ಸೀಟು ಒಣಗಿತ್ತು. ಬಟ್ಟೆ ಒಣಗಿತ್ತು. ಶಹಾಪುರದ ಡಾಕ್ಟರು ಕೊಯ್ದು ನೋಡಿ, ಈತ ನೀರಲ್ಲಿ ಮುಳುಗಿ ಸತ್ತಿದ್ದಾನೆ ಅಂದರು. ಎದೆಯ ತುಂಬ, ಹೊಟ್ಟೆಯ ತುಂಬ ನೀರು.

ಅವನ ಒಂದು ಕಾಲಿನ ಚಪ್ಪಲಿ ಬಾವಿಯಲ್ಲಿ ತೇಲುತ್ತಿತ್ತು. ಅದಕ್ಕೇ ಪೊಲೀಸರು ಬಾವಿ ಬರಿದು ಮಾಡಿಸಿದರು. ಡೀಸೆಲ್ ಪಂಪು ತಂದವನು ಉಸ್ಮಾನಸಾಬ. ನೀರು ತಳ ಕಂಡ ಮೇಲೆ ಹಗ್ಗ ಹಿಡಿದು ಇಳಿದವನೂ ಅವನೇ. ತಳದಲ್ಲಿ ಕಾಲುವೆಗೆ ಹಾಸುವ ಕಡಿದ ಕಲ್ಲುಗಳ ರಾಶಿ. ಬತ್ತಿದ ಬಾವಿಯಲ್ಲಿ ಹೆಣ ಹಾಕಿ ಮೇಲೆ ಕಲ್ಲು ಸುರಿದಿದ್ದರು. ಆಮೇಲೆ ಕಾಲುವೆಯ ನೀರು ಬಂದು ಎಲ್ಲಾ ಮುಚ್ಚಿತ್ತು. ಕಲ್ಲು ಸರಿಸಿದರೆ ಎಲುಬು ಸಿಕ್ಕವು. ಮುಂಗೈಯ ಎಲುಬಿನಲ್ಲಿ ಬೆಳ್ಳಿಯ ಕಡಗ, ಕೊಂಡಿ ಮುರಿದದ್ದಕ್ಕೆ ತಾಮ್ರದ ತಂತಿ ಸುತ್ತಿತ್ತು.

"ಆ ತಂತಿ ನಾನ ಸುತ್ತಿದ್ದೆ," ಅಂದಳು ಕರೆಮ್ಮ. "ಸಣ್ಣಾಕಿದ್ದಾಗ." ಆಮೇಲೆ ನೆರೆದ ಹೆಂಗಸರ ಕಡೆ ತಿರುಗಿದಳು. "ನೋಡ್ರಿ. ಎಲ್ಲಾರೂ ಕಣ್ಣ ತುಂಬ ನೋಡ್ರಿ. ನಮ್ಮವ್ವ ಎಲ್ಲಿಗೂ ಓಡಿಹೋಗಿರಲಿಲ್ಲ. ನಿಮ್ಮೂರಾಗ ಇದ್ಲು."

ಯಾರೂ ತಲೆ ಎತ್ತಲಿಲ್ಲ. ಆ ವರ್ಷ ಹಿರಿಯರ ಅಮಾಸೆಗೆ ಕರೆಮ್ಮ ತಾಯಿಗೆ ಹಸಿರು ಸೀರೆ ಇಟ್ಟು ಎಡೆ ಹಿಡಿದಳು. ನಳದ ಮುಂದೆ ನಾಲಿಗೆ ಹರಿಬಿಟ್ಟವರೇ ಬಂದು ಕೈಮುಗಿದು ಹೋದರು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಉಸ್ಮಾನಸಾಬ ಇನ್ನೂ ಗಟ್ಟಿಯಾಗಿದ್ದಾನೆ, ನಾಳೆ ಬೇಕಾದರೆ ಹೋಗಿ ಕೇಳಿ. ಎಲುಬುಗಳನ್ನು ಬುಟ್ಟಿಗೆ ತುಂಬುವಾಗ ಅವನ ಕೈಗೆ ಏನೋ ಅಂಟಿತಂತೆ. ಬಲಗೈಯ ಬೆರಳಿನ ಎಲುಬುಗಳು, ಐದಕ್ಕೆ ಐದೂ, ತುದಿಗೆ ನೀಲಿ. ಅಷ್ಟು ನೀರಿನ ತಳದಲ್ಲಿ, ಅಷ್ಟು ಕಲ್ಲಿನ ಕೆಳಗೆ... ಬಣ್ಣ ಇನ್ನೂ ಹಸಿಯಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿದ ಮೇಲೆಯೇ ಅವನ ಕೈ ಬಿಟ್ಟಿತು. ಇದು ಆದದ್ದು. ಸುಳ್ಳಲ್ಲ.