ಮೂವತ್ತು ಮೂಗುಗಳು ಹೇಳದ ಮಾತು

ಸಭೆಯ ಅಧ್ಯಕ್ಷೆ ಶ್ರೀಮತಿ ಲೊರೇನ್ ವೋಲ್ಡ್ ಅವರೇ, ನಮ್ಮ ಕಣಿವೆಯ ಮನೆ-ಬಿಯರ್ ಸಂಘದ ಪದಾಧಿಕಾರಿಗಳೇ, ವಿಸ್ಕಾನ್ಸಿನ್ನಿನ ಈ ಫೆಬ್ರವರಿ ಚಳಿಯಲ್ಲೂ ತಮ್ಮ ತಮ್ಮ ನೆಲಮಾಳಿಗೆಯಲ್ಲಿ ಕುದಿಸಿದ ಬಿಯರನ್ನು ಹೊತ್ತು ತಂದಿರುವ ಸಭಿಕರೇ,

‘ವರ್ಷದ ಅತ್ಯುತ್ತಮ ಹಾಪ್ ಬೆಳೆಗಾರ’ ಎಂದು ಕೆತ್ತಿದ ಮರದ ಫಲಕವೊಂದನ್ನು ಈಗಷ್ಟೇ ನನ್ನ ಕೈಗಿತ್ತಿದ್ದೀರಿ. ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಿಂತವನು ನಾನು. ಯಾವ ಮಾತನ್ನೂ ಪರೀಕ್ಷಿಸದೆ ಒಪ್ಪಬಾರದೆಂದು ಅಲ್ಲಿ ಕಲಿತೆ. ಆದ್ದರಿಂದ ಕೇಳುತ್ತೇನೆ: ಈ ಫಲಕದ ಮೇಲಿನ ಮಾತು ನಿಜವೇ?

ಹಾಪ್ ಬೆಳೆದ ಆ ಅರ್ಧ ಎಕರೆ ನನ್ನ ಮಗಳು ಸಿಗ್ರಿಡ್‌ಳದು. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹಾಪ್ ಹೂವು ದೊಡ್ಡ ಬಿಯರ್ ಕಾರ್ಖಾನೆಗಳಿಗೆ ಲಾರಿಗಟ್ಟಲೆ ಬೇಕು. ಅವಳು ಬೆಳೆದದ್ದು ಒಂದು ಕಾಗದದ ಚೀಲ ಹಿಡಿದು ಬರುವ ನಿಮಗಾಗಿ. ಹದಿನೆಂಟು ಅಡಿಯ ಕಂಬಗಳು, ಮೇಲಿನಿಂದ ಇಳಿಬಿಟ್ಟ ತೆಂಗಿನ ನಾರಿನ ಹಗ್ಗಗಳು, ಅವನ್ನು ಸುತ್ತಿ ಏರುವ ಬಳ್ಳಿಗಳು. ನಾನು ಭೂಮಾಪಕನಾಗಿ ನಿವೃತ್ತನಾದವನು. ಕಂಬಗಳ ಸಾಲು ನೇರವಾಗಿದ್ದರೆ ಅದು ನನ್ನ ಕೊಡುಗೆ. ಉಳಿದದ್ದೆಲ್ಲ ಅವಳದು.

ಕಂಬ ನೆಡುವ ಮೊದಲು ಊಟದ ಮೇಜಿನಲ್ಲಿ ಆರು ವಾರ ವಾದ ನಡೆಯಿತು. ನಾನು ವಿರೋಧ ಪಕ್ಷ. ಒಬ್ಬೊಬ್ಬರಿಗೆ ಮೂರು ನಿಮಿಷ. ಮೊಟ್ಟೆ ಬೇಯಿಸುವಾಗ ಇಡುವ ಗಡಿಯಾರವೇ ಸಭಾಪತಿ.

“ಅಪ್ಪಾ, ಮೂರು ನಿಮಿಷ ಆಯ್ತು. ಬಾಯಿ ಮುಚ್ಚು.”

“ನಾನಿನ್ನೂ ಎರಡನೇ ಅಂಶಕ್ಕೇ ಬಂದಿಲ್ಲ ಕಣೇ.”

“ನಿನ್ನ ಮೊದಲನೇದ್ರಲ್ಲೇ ಹುರುಳಿಲ್ಲ. ಎರಡನೇದು ಬಂದು ಏನ್ ಕಡಿಯುತ್ತೆ?”

ಅವಳೇ ಗೆದ್ದಳು. ಹಾಗೆಂದು ಅವಳ ಎದುರಿನಲ್ಲಿ ನಾನೆಂದೂ ಒಪ್ಪಿಕೊಳ್ಳಲಿಲ್ಲ.

ಕಳೆದ ಮೇ ಹನ್ನೊಂದರಂದು ಅವಳು ತೀರಿಕೊಂಡಳು. ಮಿದುಳಿನಲ್ಲಿ ರಕ್ತಸ್ರಾವ. ಮೂವತ್ತನಾಲ್ಕು ವರ್ಷ. ಆ ವಿಷಯಕ್ಕೆ ಇಷ್ಟು ಸಾಕು. ನಾವು ಹಾಪ್ ಬಗ್ಗೆ ಮಾತನಾಡುತ್ತಿದ್ದೇವೆ.

ನಿಮ್ಮಲ್ಲಿ ಯಾರಿಗೂ ತಿಳಿಯದ ಒಂದು ಸಂಗತಿ ಇದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ತಲೆಗೆ ಪೆಟ್ಟಾದ ದಿನದಿಂದ ನನಗೆ ವಾಸನೆ ತಿಳಿಯುವುದಿಲ್ಲ. ಗುಲಾಬಿಯೂ ಒಂದೇ, ಗೊಬ್ಬರವೂ ಒಂದೇ. ಹಾಪ್ ಯಾವ ದಿನ ಕೊಯ್ಯಬೇಕೆಂದು ಹೇಳುವುದು ಮೂಗು. ಹೂವನ್ನು ಅಂಗೈಯಲ್ಲಿ ಉಜ್ಜಿ, ಒಳಗಿನ ಹಳದಿ ಪುಡಿಯನ್ನು ಮೂಸಬೇಕು. ಒಂದು ವಾರ ಮೊದಲಾದರೆ ಹುಲ್ಲಿನ ವಾಸನೆ. ಒಂದು ವಾರ ತಡವಾದರೆ ಈರುಳ್ಳಿ. ಸಿಗ್ರಿಡ್ ಆಗಸ್ಟ್ ಪೂರ್ತಿ ದಿನಾ ಬೆಳಿಗ್ಗೆ ಮೂಸುತ್ತಿದ್ದಳು. ನಾನು ಹಿಂದೆ ನಿಂತು ಕಾರಣ ಕೇಳುತ್ತಿದ್ದೆ.

“ನಿನ್ನ ಮೂಗಿರೋದು ಕನ್ನಡಕ ಸಿಗಿಸೋಕೆ ಅಪ್ಪಾ, ನಂದು ದುಡಿಯೋಕೆ. ಸುಮ್ನೆ ಬುಟ್ಟಿ ಹಿಡ್ಕೋ.”

ಅವಳಿಲ್ಲದ ಮೊದಲ ಕೊಯ್ಲಿಗೆ ನಾನು ಏನು ಮಾಡಿದೆ? ಯಾರನ್ನಾದರೂ ಕರೆದು ಮೂಸಿಸಿದೆನೇ? ಇಲ್ಲ. ಭೂಮಾಪಕ ಮಾಡುವುದನ್ನೇ ಮಾಡಿದೆ. ಅವಳ ಪುಸ್ತಕದಲ್ಲಿ ಹಿಂದಿನ ವರ್ಷದ ಕೊಯ್ಲಿನ ದಿನ ನೋಡಿದೆ: ಸೆಪ್ಟೆಂಬರ್ ಮೂರು. ಅದೇ ದಿನಕ್ಕೆ ನಿಮ್ಮೆಲ್ಲರಿಗೂ ಹೇಳಿಕಳಿಸಿದೆ.

ನೀವು ಬಂದಿರಿ. ವಾಡಿಕೆಯಂತೆ ಬಳ್ಳಿ ಇಳಿಸಿದಿರಿ, ನೆರಳಲ್ಲಿ ಕುಳಿತು ಹೂವು ಬಿಡಿಸಿದಿರಿ, ಬಿಡಿಸಿದ ಹಸಿ ಹೂವನ್ನು ಅಂದೇ ಕುದಿಸಲು ಒಯ್ದಿರಿ. ಮೂವತ್ತು ಜನ, ಮೂವತ್ತು ಪಳಗಿದ ಮೂಗುಗಳು. ಒಬ್ಬೊಬ್ಬರೂ ನನ್ನ ಕೈ ಹಿಡಿದು, “ಘಮ್ ಅಂತಿದೆ ಆರ್ಲನ್, ಸಿಗ್ರಿಡ್ ಇದ್ದಿದ್ರೆ ಹೆಮ್ಮೆಪಡ್ತಿದ್ಲು” ಎಂದಿರಿ. ನಾನು ನಂಬಿದೆ. ಏಕೆ ನಂಬಬಾರದು?

ಡಿಸೆಂಬರಿನಲ್ಲಿ ನಮ್ಮ ರಸೆಲ್ ಗ್ರೋಟ್ ಆ ಹೂವು ಹಾಕಿ ಕುದಿಸಿದ ಆರು ಬಾಟಲಿ ಬಿಯರನ್ನು ನನ್ನ ಬಾಗಿಲಲ್ಲಿಟ್ಟು ಹೋದ. ಪೆಟ್ಟಿಗೆಯ ತಳದಲ್ಲಿ ಮಡಚಿದ ಹಾಳೆಯೊಂದು ಬಿದ್ದಿತ್ತು. ಪಕ್ಕದ ಜಿಲ್ಲೆಯ ಸ್ಪರ್ಧೆಯಲ್ಲಿ, ಯಾರ ಬಿಯರೆಂದು ತಿಳಿಯದೆ ರುಚಿ ನೋಡಿದ ತೀರ್ಪುಗಾರ್ತಿಯ ಬರಹ. “ಈರುಳ್ಳಿ ಸಿಪ್ಪೆ, ಬೆಳ್ಳುಳ್ಳಿ. ಹಾಪ್ ಕೊಯ್ಯುವವರು ನಿದ್ದೆ ಮಾಡುತ್ತಿದ್ದರೇ?” ಕೆಳಗೆ ಬರ್ನಡೆಟ್ ಕುಹಾರ್ಸ್ಕಿ ಎಂಬ ಹೆಸರು, ಫೋನ್ ನಂಬರು. ರಸೆಲ್, ತಲೆ ತಗ್ಗಿಸಬೇಡ. ಅದನ್ನು ಅಲ್ಲಿ ಮರೆತದ್ದು ನೀನು ನನಗೆ ಮಾಡಿದ ದೊಡ್ಡ ಉಪಕಾರ.

ನಾನು ಫೋನು ಮಾಡಿದೆ.

“ಮೇಡಂ, ಆ ಹಾಪ್ ಬೆಳೆದವನು ನಾನು.”

“ಓಹೋ, ಆ ಪುಣ್ಯಾತ್ಮರು ನೀವೇನಾ! ಹತ್ತು ದಿನ ತಡ ಮಾಡಿದೀರಲ್ರೀ. ಮೂಸಿ ನೋಡ್ಲಿಲ್ವಾ?”

“ನನಗೆ ವಾಸನೆ ಗೊತ್ತಾಗಲ್ಲ.”

“ಹಂಗಾದ್ರೆ ಇನ್ನೊಬ್ರನ್ನ ಕೇಳ್ಬೇಕಿತ್ತು. ಬಾಯೂ ಹೋಗಿದ್ಯಾ?”

“ಹಿಂದಿನ ವರ್ಷ ಇದೇ ತಾರೀಕಿಗೆ ಕೊಯ್ದಿದ್ದು...”

“ಬಳ್ಳಿಗೆ ಕ್ಯಾಲೆಂಡರ್ ಓದೋಕ್ ಬರುತ್ತೇನ್ರೀ? ಈ ಸಲ ಬೇಸಿಗೇಲಿ ಬೆಂಕಿ ಸುರೀತು. ಆಗಸ್ಟಲ್ಲೇ ಹಣ್ಣಾಗಿರುತ್ತೆ. ನಿಮ್ಮಂಥೋರು ಕಂಬ ಕಿತ್ತು ಕುಂಬಳಕಾಯಿ ಹಾಕ್ಕೋಬೇಕು!”

ನಾನು ಪ್ರತಿವಾದ ಹೂಡಿದೆ. ಅವರು ಅದನ್ನು ಮುರಿದರು. ನಾನು ಇನ್ನೊಂದು ಹೂಡಿದೆ. ಇಪ್ಪತ್ತೆರಡು ನಿಮಿಷ. ಫೋನು ಕೆಳಗಿಟ್ಟವನೇ ಅವರ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಟ್ಟೆ. ಕೋಪದಿಂದ ಎಂದುಕೊಂಡಿರಾ? ಸಭಿಕರೇ, ಮೇ ತಿಂಗಳಿನಿಂದ ನನ್ನ ಮಾತಿಗೆ ಎದುರಾಡಿದ ಮೊದಲ ವ್ಯಕ್ತಿ ಅವರು. ಮಗಳ ಸುದ್ದಿಯನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅವರೂ ನಿಮ್ಮಂತೆಯೇ ಮೃದುವಾಗಿಬಿಡುತ್ತಿದ್ದರು.

ನಿಮ್ಮ ಕರುಣೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಒಂಬತ್ತು ತಿಂಗಳಿಂದ ನಾನು ಹೇಳಿದ್ದಕ್ಕೆಲ್ಲ ಊರೆಲ್ಲ ಹೌದು ಹೌದು ಎನ್ನುತ್ತಿದೆ. ಸದಾ ಹೌದೆನ್ನುವ ಊರಿನಲ್ಲಿ ಒಬ್ಬ ಮನುಷ್ಯ ಎಷ್ಟು ಒಂಟಿಯಾಗಬಲ್ಲನೆಂದು ನಿಮಗೆ ಗೊತ್ತೇ? ನನಗೂ ಗೊತ್ತಿರಲಿಲ್ಲ.

ಈ ಫಲಕವನ್ನು ಮೇಜಿನ ಮೇಲೆ ಬಿಟ್ಟು ಹೋಗುತ್ತೇನೆ. ಮಾರ್ಚ್ ಇಪ್ಪತ್ತಕ್ಕೆ ಬಳ್ಳಿಯ ಬೇರುಗಳನ್ನು ಕೀಳಿಸಲು ಟ್ರ್ಯಾಕ್ಟರಿನವನಿಗೆ ಹೇಳಿದ್ದೇನೆ. ಲೊರೇನ್ ಅವರೇ, ದಯವಿಟ್ಟು ಕುಳಿತುಕೊಳ್ಳಿ, ನನ್ನ ಮಾತು ಮುಗಿದಿಲ್ಲ. ಆಗಸ್ಟಿನಲ್ಲಿ ದಿನಾ ಬೆಳಿಗ್ಗೆ ಬಂದು, ಹೂವನ್ನು ಉಜ್ಜಿ ಮೂಸಿ, ‘ಇನ್ನೂ ಇಲ್ಲ, ನೀವು ಹೇಳುವುದು ತಪ್ಪು’ ಎಂದು ನನ್ನ ಮುಖದ ಮೇಲೆ ಹೇಳುವ ಒಬ್ಬರು ಸಿಕ್ಕರೆ ಟ್ರ್ಯಾಕ್ಟರಿನವನಿಗೆ ಬರಬೇಡವೆನ್ನುತ್ತೇನೆ. ಒಬ್ಬರು ಸಾಕು.

ಈಗ ಕೈಯೆತ್ತಬೇಡಿ. ಈ ಸಭೆಯಲ್ಲಿ ಎತ್ತಿದ ಕೈ ಕನಿಕರದ ಕೈ. ಅದು ನನಗೆ ಬೇಡ. ಮನೆಗೆ ಹೋಗಿ ಯೋಚಿಸಿ. ಬೆಳಿಗ್ಗೆ ಏಳಾದ ಮೇಲೆ ಯಾವಾಗ ಬೇಕಾದರೂ ಫೋನು ಮಾಡಿ. ನಾನು ಅದರ ಪಕ್ಕದಲ್ಲೇ ಕುಳಿತಿರುತ್ತೇನೆ. ಈಚೆಗೆ ಬಹುತೇಕ ಅಲ್ಲೇ ಇರುತ್ತೇನೆ. ಊಟ ಮಾಡಿದಿರಾ, ನಿದ್ದೆ ಬಂತೇ ಎಂದು ಮಾತ್ರ ಕೇಳಬೇಡಿ. ನಾನು ಮಾಡಿದ ಒಂದು ತಪ್ಪನ್ನು ಹಿಡಿದು ನೇರವಾಗಿ ಶುರುಮಾಡಿ. ನಾನು ಸುಲಭವಾಗಿ ಸೋಲುವವನಲ್ಲ, ಆದರೆ ಪೂರ್ತಿ ಕೇಳುತ್ತೇನೆ.

ಇಷ್ಟು ಹೊತ್ತು ನಡುವೆ ಬಾಯಿ ಹಾಕದೆ ಆಲಿಸಿದ ನಿಮಗೆ ಕೃತಜ್ಞ. ಇನ್ನು ಮುಂದೆ ಬಾಯಿ ಹಾಕಿರೆಂದು ಬೇಡಿಕೊಳ್ಳುತ್ತಾ, ನಮಸ್ಕಾರ.